ಸಾಬೂನು ಶಾಸ್ತ್ರಿಗಳ ಪಾಠ ಮತ್ತು ಒಂದು ಪ್ರಶ್ನೆ

ಗುಂಡ್ಲುಪೇಟೆ ಮತ್ತು ಚಾಮರಾಜನಗರದ ಪದವಿ ಕಾಲೇಜುಗಳಿಗೆ ಮಾರುಕಟ್ಟೆ ತತ್ತ್ವಗಳ ಮೊದಲ ಪಾಠ ಹೇಳಲು ಹೋದಾಗಲೆಲ್ಲ ನನಗೊಂದು ಸಂಕೋಚ ಕಾಡುತ್ತಿತ್ತು. ಪಠ್ಯಪುಸ್ತಕದ ಉದಾಹರಣೆಗಳೆಲ್ಲ ಅಮೆರಿಕದ ತಂಪು ಪಾನೀಯ, ಜಪಾನಿನ ಕಾರು. ಎದುರಿಗೆ ಕುಳಿತವರು ಅರಿಸಿನ, ಈರುಳ್ಳಿ, ಚೆಂಡುಹೂವು ಬೆಳೆಯುವ ಮನೆಗಳ ಮಕ್ಕಳು. ಮಾರುಕಟ್ಟೆಯೆಂದರೆ ಬೆಲೆ ಬಿದ್ದ ದಿನ ಅಪ್ಪನ ಮುಖ ಹೇಗಿರುತ್ತದೆಂಬುದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತು. ಹೀಗಾಗಿ ಕೆಲವು ವರ್ಷಗಳಿಂದ ನಾನು ಮೈಸೂರು ಸ್ಯಾಂಡಲ್ ಸಾಬೂನಿನ ಪೆಟ್ಟಿಗೆಯೊಂದನ್ನು ಮೇಜಿನ ಮೇಲಿಟ್ಟು, ನಾಡು ‘ಸಾಬೂನು ಶಾಸ್ತ್ರಿ’ ಎಂದು ಕರೆದ ಸೋಸಲೆ ಗರಳಪುರಿ ಶಾಸ್ತ್ರಿಗಳ ಬದುಕಿನಿಂದ ಪಾಠ ಆರಂಭಿಸುತ್ತೇನೆ.

ಸೋಸಲೆ ಇರುವುದು ಪಕ್ಕದ ತಿರುಮಕೂಡಲು ನರಸೀಪುರ ತಾಲ್ಲೂಕಿನಲ್ಲಿ. ಗರಳಪುರಿಯೆಂದರೆ ನಂಜನಗೂಡು, ಮೈಸೂರಿನಿಂದ ಗುಂಡ್ಲುಪೇಟೆಗೂ ಚಾಮರಾಜನಗರಕ್ಕೂ ಬರುವವರು ಅದನ್ನು ದಾಟಿಯೇ ಬರಬೇಕು. ಇದೇ ಹೆಸರಿನ ಸಂಸ್ಕೃತ ವಿದ್ವಾಂಸರೊಬ್ಬರು 19ನೆಯ ಶತಮಾನದ ಮೈಸೂರು ಆಸ್ಥಾನದಲ್ಲಿದ್ದರು. ಹಾಗಾಗಿ ಹೆಸರು ಕೇಳಿದವರು ಇವರನ್ನೂ ಕಾವ್ಯಾಲಂಕಾರಗಳ ಪಂಡಿತರೆಂದು ಭಾವಿಸಿದರೆ ತಪ್ಪಲ್ಲ. ಆದರೆ ಇವರು ಕೈಗೆತ್ತಿಕೊಂಡದ್ದು ರಸಾಯನಶಾಸ್ತ್ರವನ್ನು.

ಶಾಸ್ತ್ರಿಗಳ ಬದುಕನ್ನು ತಿರುಗಿಸಿದ್ದು ಯುರೋಪಿನ ಯುದ್ಧ. ಅಲ್ಲಿಯವರೆಗೆ ಮೈಸೂರು ಸಂಸ್ಥಾನ ತನ್ನ ಕಾಡುಗಳ ಶ್ರೀಗಂಧವನ್ನು ಕೊರಡಾಗಿಯೇ ಹರಾಜು ಹಾಕುತ್ತಿತ್ತು. ಅದರ ಬಹುಪಾಲು ಜರ್ಮನಿಗೆ ಹೋಗಿ, ಅಲ್ಲಿ ಎಣ್ಣೆಯಾಗುತ್ತಿತ್ತು. 1914ರಲ್ಲಿ ಯುದ್ಧ ಆರಂಭವಾಗುತ್ತಲೇ ಆ ದಾರಿ ಮುಚ್ಚಿತು. ಶ್ರೀಗಂಧ ಕೋಠಿಗಳಲ್ಲಿ ರಾಶಿ ಬಿದ್ದಿತು. ದಿವಾನ್ ವಿಶ್ವೇಶ್ವರಯ್ಯನವರೂ ಕೈಗಾರಿಕಾ ಇಲಾಖೆಯ ಆಲ್ಫ್ರೆಡ್ ಚಾಟರ್ಟನ್ನರೂ ಎಣ್ಣೆಯನ್ನು ಇಲ್ಲಿಯೇ ಭಟ್ಟಿ ಇಳಿಸಲು ನಿರ್ಧರಿಸಿದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರಾದ ಸಡ್‌ಬರೋ ಮತ್ತು ವಾಟ್ಸನ್ ಅದರ ಕ್ರಮವನ್ನು ಸಿದ್ಧಪಡಿಸಿದರು. 1916ರಲ್ಲಿ ಬೆಂಗಳೂರಿನಲ್ಲಿ, ಅದರ ಬೆನ್ನಿಗೇ ಮೈಸೂರಿನಲ್ಲಿ ಎಣ್ಣೆ ಇಳಿಯತೊಡಗಿತು.

ಎಣ್ಣೆಯೂ ಪರದೇಶದ ಸುಗಂಧ ತಯಾರಕರಿಗೆ ಕಚ್ಚಾವಸ್ತುವೇ. ಕೊಳ್ಳುವವನ ಸ್ನಾನದ ಮನೆಗೇ ತಲಪಬೇಕಾದರೆ ಸಾಬೂನಾಗಬೇಕು. ಆಗ ಸರ್ಕಾರದ ಕಣ್ಣಿಗೆ ಬಿದ್ದವರು ಯುವಕ ಶಾಸ್ತ್ರಿ. ಸಾಬೂನು ಮತ್ತು ಸುಗಂಧದ ತಂತ್ರವನ್ನು ಅರಿತುಬರಲು ಅವರನ್ನು ಇಂಗ್ಲೆಂಡಿಗೆ ಕಳುಹಿಸಲಾಯಿತು. ಅವರು ಹಿಂದಿರುಗಿ ಬಂದು ಬೆಂಗಳೂರಿನ ಸರ್ಕಾರಿ ಸಾಬೂನು ಕಾರ್ಖಾನೆಯ ಹೊಣೆ ಹೊತ್ತರು. ಎಣ್ಣೆಯ ಪರಿಮಳ ಸಾಬೂನಿನಲ್ಲಿ ಉಳಿಯುವಂತೆ ಮಾಡಿದ್ದು ಅವರ ರಸಾಯನಶಾಸ್ತ್ರದ ಗೆಲುವು.

ನನ್ನ ವಿದ್ಯಾರ್ಥಿಗಳಿಗೆ ಮುಖ್ಯವಾದದ್ದು ಅನಂತರದ ಕಥೆ. ಅಮೆರಿಕದ ಜೆರೋಮ್ ಮೆಕಾರ್ತಿ 1960ರಲ್ಲಿ ಸರಕು, ಬೆಲೆ, ಸ್ಥಳ, ಪ್ರಚಾರ ಎಂಬ ನಾಲ್ಕು ಸೂತ್ರಗಳನ್ನು ಪುಸ್ತಕದಲ್ಲಿ ಬರೆದಿಟ್ಟ. ಅದಕ್ಕೆ ನಾಲ್ಕು ದಶಕ ಮೊದಲೇ ಒಬ್ಬ ಸರ್ಕಾರಿ ರಸಾಯನಶಾಸ್ತ್ರಜ್ಞ ಅವುಗಳನ್ನು ಕಾರ್ಖಾನೆಯ ಅಂಗಳದಲ್ಲಿ ಪ್ರಯೋಗಿಸುತ್ತಿದ್ದರು. ಚೌಕದ ಸಾಬೂನುಗಳ ನಡುವೆ ಇವರದು ಅಂಡಾಕಾರ. ಅದನ್ನು ಆಭರಣದಂಗಡಿಯವರಂತೆ ತೆಳು ಕಾಗದದಲ್ಲಿ ಸುತ್ತಿ, ಒಡವೆಯ ಪೆಟ್ಟಿಗೆಯನ್ನು ಹೋಲುವ ಪೆಟ್ಟಿಗೆಯಲ್ಲಿಟ್ಟರು. ಮುದ್ರೆಯಾಗಿ ಆರಿಸಿಕೊಂಡದ್ದು ಸಿಂಹದ ಮೈ, ಆನೆಯ ತಲೆಯ ಶರಭವನ್ನು. ಮೈ ತೊಳೆಯುವ ವಸ್ತುವನ್ನು ಉಡುಗೊರೆಯಾಗಿ ಕೊಡಬಹುದಾದ ವಸ್ತುವನ್ನಾಗಿ ಮಾಡಿದ್ದು ಆ ಪೆಟ್ಟಿಗೆ. ನಮ್ಮ ಮನೆಗಳಲ್ಲಿ ಬಾಣಂತಿಯನ್ನು ನೋಡಲು ಹೋಗುವವರು ಅದನ್ನು ಒಯ್ಯುತ್ತಿದ್ದುದು ನನಗೆ ನೆನಪಿದೆ.

ಪ್ರಚಾರದಲ್ಲಿಯೂ ಸರ್ಕಾರಿ ಜಡತೆ ಇರಲಿಲ್ಲ. ಫಲಕಗಳಲ್ಲಿ, ಟ್ರ್ಯಾಮ್ ಟಿಕೆಟ್ಟುಗಳ ಹಿಂಬದಿಯಲ್ಲಿ, ಬೆಂಕಿಪೊಟ್ಟಣಗಳ ಮೇಲೆ ಸಾಬೂನಿನ ಹೆಸರು ಕಾಣಿಸಿಕೊಂಡಿತು. ಕರಾಚಿಯಲ್ಲಿ ಒಂಟೆಗಳ ಮೆರವಣಿಗೆಯನ್ನೇ ನಡೆಸಿದರು. ಮೈಸೂರಿನವರು ಆನೆಯನ್ನೇ ನೆನೆಯುವ ಜನ. ಆದರೂ ಕರಾಚಿಯ ಬೀದಿಗೆ ಒಪ್ಪುವುದು ಒಂಟೆಯೆಂಬುದು ಅವರಿಗೆ ತಿಳಿದಿತ್ತು. ಗ್ರಾಹಕನ ಊರನ್ನು ಅರಿಯುವುದರ ಬಗ್ಗೆ ನಾನು ಒಂದು ಗಂಟೆ ವ್ಯಾಖ್ಯಾನ ಮಾಡಿದರೂ ಆ ಒಂಟೆಗಳಷ್ಟು ಚೆನ್ನಾಗಿ ಹೇಳಲಾರೆ.

ಶಾಸ್ತ್ರಿಗಳು ಮುಂದೆ ಸಂಸ್ಥಾನದ ಕೈಗಾರಿಕೆ ಮತ್ತು ವಾಣಿಜ್ಯ ಇಲಾಖೆಯ ನಿರ್ದೇಶಕರಾದರು. ಕಾರ್ಖಾನೆ ಅವರ ಕಾಲವನ್ನು ದಾಟಿ ಬೆಳೆಯಿತು. 1980ರಲ್ಲಿ ಅದು ಸರ್ಕಾರಿ ಕಂಪನಿಯಾಯಿತು. 2006ರಲ್ಲಿ ಸಾಬೂನಿಗೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು.

ನಾನು ಪಾಠವನ್ನು ಸಾಮಾನ್ಯವಾಗಿ ಇಲ್ಲಿಗೆ ಮುಗಿಸುತ್ತಿದ್ದೆ. ಒಮ್ಮೆ ಚಾಮರಾಜನಗರದ ತರಗತಿಯಲ್ಲಿ ಹಿಂದಿನ ಸಾಲಿನ ಹುಡುಗಿಯೊಬ್ಬಳು ಎದ್ದುನಿಂತು, ನಾಲ್ಕು ಸೂತ್ರಗಳಲ್ಲಿ ಮರ ಎಲ್ಲಿ ಬರುತ್ತದೆ ಎಂದು ಕೇಳಿದಳು. ನನ್ನ ಬಳಿ ಸಿದ್ಧ ಉತ್ತರವಿರಲಿಲ್ಲ.

ಗುಂಡ್ಲುಪೇಟೆ, ಚಾಮರಾಜನಗರಗಳು 1997ರವರೆಗೆ ಮೈಸೂರು ಜಿಲ್ಲೆಯ ತಾಲ್ಲೂಕುಗಳು. ಶ್ರೀಗಂಧ ಇಲ್ಲಿನ ಕುರುಚಲು ಕಾಡಿನಲ್ಲಿಯೂ ಹೊಲದ ಬದುಗಳಲ್ಲಿಯೂ ತಾನಾಗಿ ಹುಟ್ಟುವ ಮರ. ಅದು ನೆರೆಯ ಗಿಡದ ಬೇರಿನಿಂದ ಆಹಾರ ಹೀರಿಕೊಂಡು ಬೆಳೆಯುತ್ತದೆ. ಒಳಗೆ ಚೇಗು ಕಟ್ಟಲು ದಶಕಗಳು ಬೇಕು. ಬೇರಿನಲ್ಲಿಯೂ ಎಣ್ಣೆಯಿರುವುದರಿಂದ ಮರವನ್ನು ಕಡಿಯುವುದಿಲ್ಲ, ಬುಡಸಹಿತ ಕೀಳುತ್ತಾರೆ. ಟಿಪ್ಪುವಿನ ಕಾಲದಿಂದಲೂ ಅದು ರಾಜವೃಕ್ಷ. ರೈತನ ಹೊಲದಲ್ಲಿ ಹುಟ್ಟಿದರೂ ಸರ್ಕಾರದ್ದು. ರೈತನಿಗೆ ದಕ್ಕುತ್ತಿದ್ದುದು ಸರ್ಕಾರ ಗೊತ್ತುಮಾಡಿದ ಪಾಲು. ಮರ ಕಾಣೆಯಾದರೆ ಉತ್ತರ ಹೇಳಬೇಕಾದವನು ಅವನೇ. ಸಸಿ ಕಂಡಕೂಡಲೇ ರಾತ್ರೋರಾತ್ರಿ ಕಿತ್ತೆಸೆಯುತ್ತಿದ್ದ ತನ್ನ ತಾತನ ಕಥೆಯನ್ನು ಆ ಹುಡುಗಿ ಹೇಳಿದಳು. ತಾತನದು ಅವಿವೇಕವೆಂದು ನಾನು ಹೇಳಲಾರೆ. ಆ ಲೆಕ್ಕಾಚಾರದಲ್ಲಿ ಅವರಿಗೆ ಬೇರೆ ದಾರಿ ಇರಲಿಲ್ಲ.

ಕಾಡಿನಲ್ಲಿ ಉಳಿದ ಮರಗಳ ಗತಿಯನ್ನು ಈ ಜಿಲ್ಲೆಯವರಿಗೆ ವಿವರಿಸಬೇಕಾಗಿಲ್ಲ. ಗೋಪಿನಾಥಂನ ವೀರಪ್ಪನ್ 2004ರ ಅಕ್ಟೋಬರ್‌ನಲ್ಲಿ ಸಾಯುವ ಹೊತ್ತಿಗೆ ಮರಗಳೂ ವಿರಳವಾಗಿದ್ದವು, ಅನೇಕ ಅರಣ್ಯ ಸಿಬ್ಬಂದಿಯೂ ಪೊಲೀಸರೂ ಹಳ್ಳಿಗರೂ ಜೀವ ತೆತ್ತಿದ್ದರು. ಒಂದು ಕಾಲಕ್ಕೆ ರಾಶಿ ಬಿದ್ದ ಶ್ರೀಗಂಧವನ್ನು ಏನು ಮಾಡುವುದೆಂಬ ಚಿಂತೆಯಿಂದ ಹುಟ್ಟಿದ ಉದ್ಯಮ, ಆಸ್ಟ್ರೇಲಿಯಾದ ಶ್ರೀಗಂಧದ ಕಡೆಗೂ ನೋಡಬೇಕಾಯಿತು. ಇದಕ್ಕೆ ಶಾಸ್ತ್ರಿಗಳನ್ನು ದೂರುವುದು ಸಲ್ಲದು. ಅರಣ್ಯ ಕಾನೂನು ಅವರ ಕೈಯಲ್ಲಿರಲಿಲ್ಲ. ಆದರೆ ಅವರ ಯಶಸ್ಸನ್ನು ಪಾಠವಾಗಿ ಹೇಳುವ ನಾನು ಈ ಭಾಗವನ್ನು ಇಷ್ಟು ವರ್ಷ ಬಿಟ್ಟಿದ್ದೆನಲ್ಲ, ಆ ದೂರು ನನ್ನ ಮೇಲೆಯೇ.

2001ರ ತಿದ್ದುಪಡಿಯಿಂದ ಕರ್ನಾಟಕದಲ್ಲಿ ಹೊಲದ ಶ್ರೀಗಂಧ ಬೆಳೆದವನದೇ ಆಯಿತು. ಆ ಹುಡುಗಿಯ ತಂದೆ ತಾತ ಸಸಿ ಕೀಳುತ್ತಿದ್ದ ಅದೇ ಬದುವಿನ ಮೇಲೆ ಶ್ರೀಗಂಧ ನೆಟ್ಟಿದ್ದಾರೆ, ನಡುವೆ ಆಸರೆಗೆಂದು ತೊಗರಿ ಹಾಕಿದ್ದಾರೆ. ಮರಕ್ಕೆ ಇನ್ನೂ ಚೇಗು ಕಟ್ಟಿಲ್ಲ. ಕಳ್ಳರ ಭಯಕ್ಕೆ ಮನೆಯವರು ಸರದಿಯ ಮೇಲೆ ಟಾರ್ಚು ಹಿಡಿದು ಹೊಲ ಸುತ್ತುತ್ತಾರಂತೆ. ಪರೀಕ್ಷೆಯ ದಿನಗಳಲ್ಲಿ ಮಾತ್ರ ಅವಳಿಗೆ ವಿನಾಯಿತಿ.