ಜಿಮ್ ಕಾರ್ಬೆಟ್ಟರ ಮೂರು ತೋಟಾಗಳು

ನಮ್ಮದು ಮಲೆನಾಡಿನ ಅಂಚಿನ ಒಂದು ಸಣ್ಣ ಊರು. ಮನೆಯ ಜಗಲಿಯ ಗೋಡೆಯ ಮೇಲೆ ಅಜ್ಜನ ಕೇಪಿನ ಕೋವಿಯೊಂದು ಸದಾ ತೂಗುತ್ತಿತ್ತು. ಬೆಳೆ ಕಾಯಲು ಪರವಾನಗಿ ಪಡೆದ ಹಳೆಯ ಕೋವಿ ಅದು. ಅದಕ್ಕೆ ಈಡು ತುಂಬುವುದೆಂದರೆ ಅಜ್ಜನಿಗೆ ದೇವರ ಪೂಜೆಯಷ್ಟೇ ಶ್ರದ್ಧೆಯ ಕೆಲಸ. ಕರಿಮದ್ದನ್ನು ಅಳೆದು ನಳಿಗೆಯ ಬಾಯಿಂದ ಸುರಿಯಬೇಕು. ಅದರ ಮೇಲೆ ತೆಂಗಿನ ಕತ್ತವನ್ನಿಟ್ಟು ಗಜದಿಂದ ಹದವಾಗಿ ಅದುಮಬೇಕು. ಆಮೇಲೆ ಚರೆ, ಮತ್ತೆ ಕತ್ತ, ಕಟ್ಟಕಡೆಗೆ ಕೇಪು. ಒಂದು ಈಡು ಹಾರಿತೆಂದರೆ ಇಷ್ಟೂ ಕೆಲಸ ಮೊದಲಿನಿಂದ. ಅದಕ್ಕಾಗಿಯೇ ಇರಬೇಕು, ಅಜ್ಜ ಸುಮ್ಮಸುಮ್ಮನೆ ಕುದುರೆ ಎಳೆದವರಲ್ಲ. ಈಚೆಗೆ ಜಿಮ್ ಕಾರ್ಬೆಟ್ಟರ ಬಾಲ್ಯದ ಕಥೆಯನ್ನು ಓದುತ್ತಿದ್ದಾಗ ಆ ಜಗಲಿಯೂ ಮದ್ದಿನ ವಾಸನೆಯೂ ನನಗೆ ಥಟ್ಟನೆ ನೆನಪಾದುವು.

ಎಡ್ವರ್ಡ್ ಜೇಮ್ಸ್ ಕಾರ್ಬೆಟ್ಟರು ಹುಟ್ಟಿದ್ದು ೧೮೭೫ರ ಜುಲೈ ೨೫ರಂದು, ಹಿಮಾಲಯದ ಮಡಿಲಿನ ನೈನಿತಾಲಿನಲ್ಲಿ. ತಂದೆ ಅಲ್ಲಿಯ ಪೋಸ್ಟ್ ಮಾಸ್ಟರು. ೧೮೮೧ರಲ್ಲಿ ತಂದೆ ತೀರಿಕೊಂಡಾಗ ಜಿಮ್ ಇನ್ನೂ ಆರು ತುಂಬದ ಮಗು. ದೊಡ್ಡ ಸಂಸಾರದ ಭಾರ ತಾಯಿಯ ಮೇಲೆ ಬಿತ್ತು. ಚಳಿಗಾಲದಲ್ಲಿ ಕುಟುಂಬ ಬೆಟ್ಟದ ಬುಡದ ಕಾಲಾಧುಂಗಿಗೆ ಇಳಿದು ಬರುತ್ತಿತ್ತು. ಅಲ್ಲಿನ ಕಾಡೇ ಆ ಹುಡುಗನ ನಿಜವಾದ ಪಾಠಶಾಲೆ.

ಅವನ ಕೈಗೆ ಬಂದ ಮೊದಲ ಕೋವಿ, ಬಾಯಿಂದ ಮದ್ದು ತುಂಬುವ ಜೋಡಿನಳಿಗೆಯದು. ಹಿಂದೆ ಯಾರೋ ಅಳತೆ ಮೀರಿ ಮದ್ದು ತುಂಬಿದ್ದರಿಂದ ಅದರ ಬಲನಳಿಗೆ ಸೀಳಿಹೋಗಿತ್ತು. ಒಡೆದ ಹಿಡಿಯನ್ನು ಹಿತ್ತಾಳೆ ತಂತಿಯಿಂದ ಸುತ್ತಿ ಕಟ್ಟಲಾಗಿತ್ತು. ಉಳಿದ ಎಡನಳಿಗೆಯೊಂದೇ ಅವನ ಸಂಪತ್ತು. ಮದ್ದಿನ ವಿಷಯದಲ್ಲಿ ಲೆಕ್ಕ ತಪ್ಪಿದರೆ ಏನಾಗುತ್ತದೆಂಬುದನ್ನು ಬೇರೆ ಗುರುಗಳು ಹೇಳಿಕೊಡಬೇಕಾಗಿರಲಿಲ್ಲ; ಸೀಳಿದ ನಳಿಗೆ ದಿನವೂ ಕಣ್ಣ ಮುಂದೆಯೇ ಇತ್ತು.

ಸುಮಾರು ಹತ್ತನೆಯ ವಯಸ್ಸಿಗೆ ನೈನಿತಾಲಿನ ಸ್ವಯಂಸೇವಕ ದಳದಿಂದ ಅವನಿಗೆ .೪೫೦ ಮಾರ್ಟಿನಿ ರೈಫಲು ಎರವಲಾಗಿ ದೊರೆಯಿತು. ತೋಟಾಗಳನ್ನೂ ಕೊಡುತ್ತಿದ್ದರು. ಕರಾರು ಎರಡೇ: ರೈಫಲನ್ನು ಶುಚಿಯಾಗಿಡಬೇಕು, ಹಾರಿಸಿದ ಮೇಲೆ ಖಾಲಿ ಕೋಶಗಳನ್ನು ಹಿಂದಿರುಗಿಸಬೇಕು. ಈ ಕರಾರುಗಳ ಹಿಂದೆ ಕರಿಮದ್ದಿನ ಗುಣವಿದೆ. ಪೆಟ್ಲುಪ್ಪು ಮುಕ್ಕಾಲು ಪಾಲು, ಉಳಿದ ಕಾಲು ಪಾಲಿನಲ್ಲಿ ಇದ್ದಿಲು ಮತ್ತು ಗಂಧಕ, ಇದು ಕರಿಮದ್ದು. ಉರಿದ ಮೇಲೆ ಅದು ನಳಿಗೆಯಲ್ಲಿ ಬಿಡುವ ಮಸಿ ತೇವವನ್ನು ಹೀರಿ ಕಬ್ಬಿಣಕ್ಕೆ ತುಕ್ಕು ಹಿಡಿಸುತ್ತದೆ. ಬೇಟೆ ಮುಗಿದ ಕೂಡಲೇ ನೀರು ಹಾಕಿ ತೊಳೆದು ಒರೆಸಿ ಎಣ್ಣೆ ಸವರಲೇಬೇಕು. ಹಿತ್ತಾಳೆಯ ಕೋಶವಂತೂ ಬೆಲೆಯುಳ್ಳ ಸಾಮಾನು. ಗಟ್ಟಿ ಹಿತ್ತಾಳೆಯ ಕೋಶವಾದರೆ ಮತ್ತೆ ತುಂಬಬಹುದು. ಸುಟ್ಟ ಕೇಪನ್ನು ತೆಗೆದು, ಕೋಶವನ್ನು ತೊಳೆದು ಒಣಗಿಸಿ, ಹೊಸ ಕೇಪು ಕೂರಿಸಿ, ಮದ್ದನ್ನು ಅಳೆದು ಹಾಕಿ, ಮೇಲೊಂದು ಬಿಲ್ಲೆಯಿಟ್ಟು ಸೀಸದ ಗುಂಡನ್ನು ಕೂರಿಸುವುದು ಅದರ ಕ್ರಮ. ಮದ್ದಿಗೂ ಗುಂಡಿಗೂ ನಡುವೆ ಪೊಳ್ಳು ಉಳಿಯಕೂಡದು. ಉಳಿದರೆ ನಳಿಗೆಗೇ ಅಪಾಯ. ಸೈನ್ಯದ ಮಾರ್ಟಿನಿ ತೋಟಾದಲ್ಲಿ ಐದೂವರೆ ಗ್ರಾಮಿನಷ್ಟು ಮದ್ದು, ಮೂವತ್ತೊಂದು ಗ್ರಾಮಿನ ಗುಂಡು. ಹತ್ತು ವರ್ಷದ ಹುಡುಗನ ಹೆಗಲಿಗೆ ಅದರ ಒದೆ ಎಂಥದಿರಬೇಕು!

ಆ ರೈಫಲಿನಿಂದಲೇ ಅವನು ತನ್ನ ಮೊದಲ ಚಿರತೆಯನ್ನು ಹೊಡೆದದ್ದು. ಈಡು ಹಾರಿದೊಡನೆ ದಟ್ಟ ಹೊಗೆ ಕಣ್ಣಿಗೆ ಕವಿಯಿತು. ಗಾಯಗೊಂಡ ಚಿರತೆ ಅವನ ತಲೆಯ ಮೇಲಿಂದಲೇ ಹಾರಿಹೋಯಿತು; ಬಟ್ಟೆಯ ಮೇಲೆ ರಕ್ತ ಸಿಡಿದಿತ್ತು. ಹುಡುಗ ಮನೆಗೆ ಓಡಲಿಲ್ಲ. ಗಾಯಗೊಂಡ ಪ್ರಾಣಿಯನ್ನು ಹಾಗೆಯೇ ಬಿಟ್ಟು ಹೋಗಬಾರದೆಂದು ರಕ್ತದ ಜಾಡು ಹಿಡಿದು ಹೋಗಿ ಕೆಲಸ ಪೂರೈಸಿದ.

ಮುಂದೆ ರೈಲ್ವೆಯ ನೌಕರಿ. ಗಂಗೆಯ ದಡದ ಮೊಕಾಮೆ ಘಾಟಿನಲ್ಲಿ ಕೂಲಿಗಳೊಡನೆ ಇಪ್ಪತ್ತು ವರ್ಷಗಳಿಗೂ ಮೀರಿದ ದುಡಿಮೆ. ಅದರ ನಡುವೆಯೇ, ೧೯೦೭ರಲ್ಲಿ, ಚಂಪಾವತದ ಹೆಣ್ಣುಹುಲಿಯನ್ನು ಕೊಲ್ಲುವ ಕರೆ ಬಂದಿತು. ಅದು ನೇಪಾಳದಲ್ಲಿ ೨೦೦, ಕುಮಾವೂನಿನಲ್ಲಿ ೨೩೬, ಒಟ್ಟು ೪೩೬ ಜೀವಗಳನ್ನು ತೆಗೆದಿತ್ತೆಂದು ಲೆಕ್ಕ. ತಹಸೀಲ್ದಾರರು ಸುಮಾರು ಮುನ್ನೂರು ಜನರನ್ನು ಕೂಡಿಸಿ ಸೋವು ನಡೆಸಿದರು. ಆ ದಿನ ಕಾರ್ಬೆಟ್ಟರ ಬಳಿ ಇದ್ದದ್ದು ಮೂರೇ ತೋಟಾ. ಹೆಚ್ಚೆಂದರೆ ಎರಡು ಈಡಿಗೆ ಅವಕಾಶ ಸಿಕ್ಕೀತು, ಮೂರನೆಯದು ಆಪತ್ತಿಗೆ ಎಂಬುದು ಅವರ ಎಣಿಕೆ. ಮೂರೂ ಮುಗಿದುವು. ಹುಲಿ ಗಾಯಗೊಂಡಿದ್ದರೂ ಎದುರಿಗೇ ನಿಂತಿತ್ತು. ಓಡಿಹೋಗಿ ತಹಸೀಲ್ದಾರರ ಸಡಿಲಾದ ಹಳೆಯ ಕೋವಿಯನ್ನು ತಂದು ಹಾರಿಸಿದರೆ, ಅದರ ಗುಂಡು ಗುರಿ ತಪ್ಪಿ ಹುಲಿಯ ಪಂಜಕ್ಕೆ ತಗುಲಿತು. ಮೊದಲಿನ ಗಾಯಗಳಿಂದ ಸಾಯುತ್ತಿದ್ದ ಹುಲಿ ಅಲ್ಲೇ ಕುಸಿಯಿತು.

ನನ್ನನ್ನು ಬಹುವಾಗಿ ಕಾಡಿದ್ದು ಆಮೇಲಿನ ಸಂಗತಿ. ಹುಲಿಯ ಬಾಯನ್ನು ತೆರೆದು ನೋಡಿದಾಗ ಬಲಗಡೆಯ ಮೇಲಿನ ಕೋರೆಹಲ್ಲು ಅರ್ಧಕ್ಕೆ, ಕೆಳಗಿನದು ಬುಡಕ್ಕೇ ಮುರಿದಿದ್ದುವು; ಎಂದೋ ತಗುಲಿದ ಗುಂಡಿನ ಪೆಟ್ಟು ಅದು. ಸಹಜವಾದ ಬೇಟೆ ಸಾಗದೆ ಅದು ನರಭಕ್ಷಕವಾಯಿತೆಂದು ಕಾರ್ಬೆಟ್ಟರು ನಿರ್ಣಯಿಸಿದರು. ಯಾರೋ ಒಬ್ಬ ಈಡು ಹಾರಿಸಿ, ಮುಂದೇನಾಯಿತೆಂದು ನೋಡದೆ ಹೊರಟುಹೋದ. ಆ ಒಂದು ಈಡಿನ ಸಾಲವನ್ನು ೪೩೬ ಮಂದಿ ಬಡವರು ತೀರಿಸಬೇಕಾಯಿತು.

ಮುಂದೆ ೧೯೨೬ರಲ್ಲಿ ರುದ್ರಪ್ರಯಾಗದ ಚಿರತೆ, ೧೯೩೮ರಲ್ಲಿ ಠಾಕ್ ಗ್ರಾಮದ ಹುಲಿ ಅವರ ಗುಂಡಿಗೆ ಬಿದ್ದುವು. ಅವರು ನರಭಕ್ಷಕಗಳನ್ನು ಮಾತ್ರ ಹೊಡೆದರೆಂದು ಹೇಳಿದರೆ ಸುಳ್ಳಾದೀತು. ಪೋವಲಗಢದ ದೊಡ್ಡ ಹುಲಿ ಯಾರನ್ನೂ ತಿಂದಿರಲಿಲ್ಲ, ಆದರೂ ೧೯೩೦ರಲ್ಲಿ ಅದನ್ನು ಹೊಡೆದರು. ಆದರೆ ಮನಸ್ಸು ತಿರುಗುತ್ತಿತ್ತು. ಅರಣ್ಯಾಧಿಕಾರಿ ಚಾಂಪಿಯನ್ನರು ತೆಗೆದ ಹುಲಿಯ ಛಾಯಾಚಿತ್ರಗಳನ್ನು ಕಂಡು ಕಾರ್ಬೆಟ್ಟರೂ ಕ್ಯಾಮರಾ ಹಿಡಿದರು. ೧೯೩೬ರಲ್ಲಿ ಭಾರತದ ಮೊದಲ ರಾಷ್ಟ್ರೀಯ ಉದ್ಯಾನ ಸ್ಥಾಪನೆಯಾಗುವಲ್ಲಿ ಅವರ ಶ್ರಮವೂ ಇತ್ತು. ೧೯೪೭ರಲ್ಲಿ ಅಕ್ಕ ಮ್ಯಾಗಿಯೊಡನೆ ಕೀನ್ಯಾಕ್ಕೆ ಹೋಗಿ, ೧೯೫೫ರ ಏಪ್ರಿಲ್ ೧೯ರಂದು ನ್ಯೇರಿಯಲ್ಲಿ ತೀರಿಕೊಂಡರು. ೧೯೫೭ರಲ್ಲಿ ಆ ಉದ್ಯಾನಕ್ಕೆ ಅವರ ಹೆಸರನ್ನೇ ಇಟ್ಟರು.

ಅಜ್ಜ ಒಂದು ರಾತ್ರಿ ಗದ್ದೆಗೆ ನುಗ್ಗಿದ ಹಂದಿಗೆ ಈಡು ಹೊಡೆದಿದ್ದರು. ಅದು ಗಾಯಗೊಂಡು ಓಡಿತು. ಮೂರು ದಿನ ಊಟ ನಿದ್ದೆ ಬಿಟ್ಟು ಅದನ್ನು ಹುಡುಕಿದರು; ಸಿಗಲಿಲ್ಲ. ಅಂದಿನಿಂದ ಅವರು ಕೋವಿಗೆ ಮದ್ದು ತುಂಬಲಿಲ್ಲ. ತಮಟೆ ಬಡಿದೇ ಗದ್ದೆ ಕಾದರು. ಆಗ ನಾನು ನಕ್ಕಿದ್ದೆ. ಚಂಪಾವತದ ಹುಲಿಯ ಮುರಿದ ಹಲ್ಲಿನ ಕಥೆ ಓದಿದ ಮೇಲೆ ಆ ನಗುವಿಗಾಗಿ ನಾಚಿಕೆಯಾಯಿತು. ಅಜ್ಜ ಈಗಿಲ್ಲ. ಗೋಡೆಯಲ್ಲಿ ಕೋವಿಯ ಮೊಳೆ ಮಾತ್ರ ಉಳಿದಿದೆ.