ಪಾಲ್ ಫಿಟ್ಸ್

ಪಾಲ್ ಮೋರಿಸ್ ಫಿಟ್ಸ್ (ಮೇ ೬, ೧೯೧೨ – ಮೇ ೨, ೧೯೬೫) ಅಮೆರಿಕದ ಮನಶ್ಶಾಸ್ತ್ರಜ್ಞರು. ಬಳಸುವವನ ಶಕ್ತಿ ಮತ್ತು ಮಿತಿಗಳಿಗೆ ಅನುಗುಣವಾಗಿ ಯಂತ್ರವನ್ನು ರೂಪಿಸಬೇಕೆನ್ನುವ ಶಾಸ್ತ್ರಕ್ಕೆ ಬುನಾದಿ ಹಾಕಿದವರಲ್ಲಿ ಪ್ರಮುಖರು. ಕಂಪ್ಯೂಟರ್ ಇಂಟರ್‌ಫೇಸ್‌ಗಳನ್ನು ಪರೀಕ್ಷಿಸುವವರು ಇಂದಿಗೂ ಬಳಸುವ ಫಿಟ್ಸ್ ನಿಯಮ ಇವರ ಹೆಸರನ್ನೇ ಹೊತ್ತಿದೆ. ಆದರೆ ಇವರ ಅಧ್ಯಯನ ಆರಂಭವಾದದ್ದು ಕಂಪ್ಯೂಟರಿನ ಮುಂದಲ್ಲ, ಸೇನಾ ವಿಮಾನಗಳ ಕಾಕ್‌ಪಿಟ್‌ನಲ್ಲಿ.

ಜೀವನ

ಫಿಟ್ಸ್ ಜನಿಸಿದ್ದು ಟೆನ್ನೆಸೀ ರಾಜ್ಯದ ಮಾರ್ಟಿನ್ ಪಟ್ಟಣದಲ್ಲಿ. ೧೯೩೮ರಲ್ಲಿ ರಾಚೆಸ್ಟರ್ ವಿಶ್ವವಿದ್ಯಾಲಯದಿಂದ ಮನಶ್ಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಸೇನೆಯ ವಾಯುಪಡೆಯನ್ನು ಸೇರಿ, ೧೯೪೫ರಲ್ಲಿ ಓಹಾಯೋದ ರೈಟ್ ಫೀಲ್ಡ್‌ನಲ್ಲಿದ್ದ ವೈಮಾನಿಕ ವೈದ್ಯಕೀಯ ಪ್ರಯೋಗಾಲಯದ ಮನಶ್ಶಾಸ್ತ್ರ ವಿಭಾಗದ ಮುಖ್ಯಸ್ಥರಾದರು. ೧೯೪೯ರಲ್ಲಿ ಓಹಾಯೋ ಸ್ಟೇಟ್ ವಿಶ್ವವಿದ್ಯಾಲಯಕ್ಕೂ ೧೯೫೮ರಲ್ಲಿ ಮಿಷಿಗನ್ ವಿಶ್ವವಿದ್ಯಾಲಯಕ್ಕೂ ಪ್ರಾಧ್ಯಾಪಕರಾಗಿ ಹೋದರು.

ವಿಮಾನ ಚಾಲಕರ ತಪ್ಪುಗಳ ಅಧ್ಯಯನ

ಆ ಕಾಲದಲ್ಲಿ ಅಪಘಾತದ ವರದಿಯಲ್ಲಿ ಚಾಲಕನ ತಪ್ಪು ಎಂದು ಬರೆದರೆ ಬಹುಮಟ್ಟಿಗೆ ತನಿಖೆ ಮುಗಿದಂತೆ. ಫಿಟ್ಸ್ ಮತ್ತು ಅವರ ಸಹೋದ್ಯೋಗಿ ರಿಚರ್ಡ್ ಜೋನ್ಸ್ ಅಲ್ಲಿಂದಲೇ ತಮ್ಮ ಪ್ರಶ್ನೆಯನ್ನು ಆರಂಭಿಸಿದರು. ತಾವು ಮಾಡಿದ ಅಥವಾ ಕಣ್ಣಾರೆ ಕಂಡ ತಪ್ಪುಗಳನ್ನು ವಿವರವಾಗಿ ಹೇಳುವಂತೆ ಚಾಲಕರನ್ನು ಕೇಳಿ, ನಿಯಂತ್ರಣ ಸಾಧನಗಳ ಬಳಕೆಯಲ್ಲಿ ಆದ ೪೬೦ ಪ್ರಮಾದಗಳನ್ನು ೧೯೪೭ರ ವರದಿಯಲ್ಲಿ ವಿಂಗಡಿಸಿದರು. ಅವುಗಳಲ್ಲಿ ಸುಮಾರು ಅರ್ಧದಷ್ಟು ಒಂದು ಹಿಡಿಯ ಬದಲು ಇನ್ನೊಂದನ್ನು ಎಳೆದ ಪ್ರಸಂಗಗಳೇ ಆಗಿದ್ದವು. ಇಳಿಯುವ ಹೊತ್ತಿನಲ್ಲಿ ರೆಕ್ಕೆಯ ಫ್ಲ್ಯಾಪ್‌ಗೆ ಬದಲಾಗಿ ಚಕ್ರಗಳ ಹಿಡಿಗೆ ಕೈ ಹಾಕಿದರೆ ವಿಮಾನ ಹೊಟ್ಟೆಯ ಮೇಲೆ ಕುಸಿಯುತ್ತದೆ. ಒಂದೇ ಬಗೆಯ ಎರಡು ಹಿಡಿಗಳನ್ನು ಅಕ್ಕಪಕ್ಕದಲ್ಲಿಟ್ಟವರು ಯಾರು ಎಂಬುದನ್ನು ಅಪಘಾತದ ವರದಿ ಕೇಳುತ್ತಿರಲಿಲ್ಲ. ಇನ್ನೂ ವಿಚಿತ್ರವೆಂದರೆ, ಬಿ-೨೫ ವಿಮಾನದಲ್ಲಿ ಎಡದಿಂದ ಬಲಕ್ಕೆ ಥ್ರಾಟಲ್, ಪ್ರೊಪೆಲ್ಲರ್, ಇಂಧನ ಮಿಶ್ರಣ ಎಂಬ ಕ್ರಮವಿದ್ದರೆ ಸಿ-೪೭ರಲ್ಲಿ ಪ್ರೊಪೆಲ್ಲರ್ ಮೊದಲು ಬರುತ್ತಿತ್ತು. ಒಂದರಲ್ಲಿ ಪಳಗಿದ ಕೈ ಇನ್ನೊಂದರಲ್ಲಿ ತಪ್ಪುವುದು ಸಹಜವೇ.

ಉಪಕರಣಗಳನ್ನು ಓದುವುದರಲ್ಲಿ ಆದ ೨೭೦ ತಪ್ಪುಗಳನ್ನು ಎರಡನೆಯ ವರದಿ ಪರಿಶೀಲಿಸಿತು. ಮೂರು ಮುಳ್ಳುಗಳ ಎತ್ತರಮಾಪಕವನ್ನು ಸಾವಿರ ಅಡಿ ತಪ್ಪಾಗಿ ಓದಿದ ಪ್ರಕರಣಗಳು ಇದರಲ್ಲಿದ್ದವು. ಬದುಕುಳಿದವರಷ್ಟೇ ಇಂಥ ಅಧ್ಯಯನಕ್ಕೆ ಸಾಕ್ಷಿ ನುಡಿಯಬಲ್ಲರು ಎಂಬುದು ಅದರ ಸಹಜ ಮಿತಿ. ಆದರೂ ಚಾಲಕನನ್ನು ತಿದ್ದುವುದರ ಜೊತೆಗೆ ಕಾಕ್‌ಪಿಟ್ಟನ್ನೂ ತಿದ್ದಬೇಕೆಂಬ ವಾದಕ್ಕೆ ಈ ವರದಿಗಳು ಗಟ್ಟಿ ಆಧಾರ ಒದಗಿಸಿದವು.

ಫಿಟ್ಸ್ ನಿಯಮ

೧೯೫೪ರಲ್ಲಿ ಪ್ರಕಟವಾದ ಪ್ರಯೋಗ ನೋಡಲು ತೀರ ಸರಳ. ಎರಡು ಲೋಹದ ಪಟ್ಟಿಗಳನ್ನು ಒಂದಾದ ಮೇಲೊಂದರಂತೆ ಕಡ್ಡಿಯಿಂದ ಆದಷ್ಟು ಬೇಗ ಮುಟ್ಟಬೇಕು. ಪಟ್ಟಿಗಳ ಅಗಲವನ್ನೂ ನಡುವಿನ ದೂರವನ್ನೂ ಬದಲಿಸುತ್ತಾ ಹೋದಾಗ, ಕೈ ತಲುಪಲು ಹಿಡಿಯುವ ಸಮಯ ದೂರ ಮತ್ತು ಅಗಲಗಳ ಅನುಪಾತದ ಲಾಗರಿದಮ್ಮಿಗೆ ಅನುಗುಣವಾಗಿ ಹೆಚ್ಚುತ್ತದೆ ಎಂದು ಕಂಡುಬಂದಿತು. ದೂರ ಇಮ್ಮಡಿಯಾದರೂ ಗುರಿಯ ಅಗಲವೂ ಇಮ್ಮಡಿಯಾದರೆ ಸಮಯ ಬದಲಾಗದು. ಕ್ಲಾಡ್ ಶಾನನ್ನರ ಮಾಹಿತಿ ಸಿದ್ಧಾಂತವನ್ನು ತಂತಿ ಸಂಪರ್ಕದಿಂದ ಮನುಷ್ಯನ ತೋಳಿಗೆ ತಂದದ್ದು ಇದರ ವೈಶಿಷ್ಟ್ಯ.

ಕಂಪ್ಯೂಟರ್ ಕ್ಷೇತ್ರಕ್ಕೆ ಈ ನಿಯಮ ಬಂದದ್ದು ಅವರು ತೀರಿಕೊಂಡ ಮೇಲೆ. ೧೯೭೮ರಲ್ಲಿ ಜೆರಾಕ್ಸ್ ಸಂಸ್ಥೆಯ ಪಾಲೋ ಆಲ್ಟೋ ಕೇಂದ್ರದ ಸ್ಟುವರ್ಟ್ ಕಾರ್ಡ್ ಮತ್ತು ಸಂಗಡಿಗರು ಮೌಸ್, ಜಾಯ್‌ಸ್ಟಿಕ್ ಹಾಗೂ ಕೀಲಿಗಳನ್ನು ಹೋಲಿಸಿ ಮೌಸ್ ಎಲ್ಲಕ್ಕಿಂತ ವೇಗದ್ದೆಂದು ಕಂಡರು. ಮೌಸ್‌ನ ಚಲನೆ ಫಿಟ್ಸ್ ನಿಯಮವನ್ನೇ ಅನುಸರಿಸುತ್ತಿತ್ತು. ಆಪಲ್ ಮ್ಯಾಕಿಂಟಾಷ್‌ನ ಮೆನು ಪರದೆಯ ಮೇಲಂಚಿನಲ್ಲಿರುವುದನ್ನೂ ಇದೇ ನಿಯಮದಿಂದ ಸಮರ್ಥಿಸುತ್ತಾರೆ: ಕರ್ಸರ್ ಅಂಚನ್ನು ದಾಟಿ ಹೋಗಲಾರದಾದ್ದರಿಂದ ಆ ಗುರಿ ಎಷ್ಟೋ ದೊಡ್ಡದಾದಂತಾಗುತ್ತದೆ.

ಆದರೆ ಈ ನಿಯಮ ಅಳೆಯುವುದು ಕೈಯನ್ನು ಮಾತ್ರ. ಯಾವ ಗುಂಡಿ ಒತ್ತಬೇಕೆಂದು ಬಳಕೆದಾರನಿಗೆ ತಿಳಿಯಿತೇ, ಪಕ್ಕದ್ದನ್ನು ಒತ್ತಿ ಕಡತ ಕಳೆದುಕೊಂಡನೇ ಎಂಬುದು ಅದರ ವ್ಯಾಪ್ತಿಗೆ ಬರುವುದಿಲ್ಲ. ಅದಕ್ಕೆ ೧೯೪೭ರ ವರದಿಗಳ ದಾರಿಯೇ ಹೆಚ್ಚು ಹತ್ತಿರದ್ದು. ೧೯೯೦ರಲ್ಲಿ ಯಾಕೊಬ್ ನೀಲ್ಸನ್ ಮತ್ತು ರೋಲ್ಫ್ ಮೋಲಿಕ್ ಮಂಡಿಸಿದ ಇಂಟರ್‌ಫೇಸ್ ಪರಾಮರ್ಶೆಯ ಸೂತ್ರಗಳಲ್ಲಿ ಏಕರೂಪತೆಗೂ ತಪ್ಪು ಆಗದಂತೆ ತಡೆಯುವುದಕ್ಕೂ ಸ್ಥಾನವಿದೆ. ಬಿ-೨೫ ಮತ್ತು ಸಿ-೪೭ರ ಹಿಡಿಗಳಲ್ಲಿ ಇಲ್ಲದೆ ಹೋದದ್ದು ಇವೇ ಎರಡು ಗುಣಗಳು.

ಇತರ ಕಾರ್ಯಗಳು

ವಿಮಾನ ಸಂಚಾರ ನಿಯಂತ್ರಣದ ಬಗ್ಗೆ ೧೯೫೧ರಲ್ಲಿ ಫಿಟ್ಸ್ ಸಂಪಾದಿಸಿದ ವರದಿಯು ಮನುಷ್ಯ ಚೆನ್ನಾಗಿ ಮಾಡುವ ಕೆಲಸಗಳಾವುವು, ಯಂತ್ರ ಚೆನ್ನಾಗಿ ಮಾಡುವಂಥವು ಯಾವುವು ಎಂದು ಪಟ್ಟಿಮಾಡಿತು. ಈ ಪಟ್ಟಿ ಮುಂದೆ ಬಹಳ ಟೀಕೆಗೂ ಗುರಿಯಾಯಿತು. ೧೯೫೭ರಲ್ಲಿ ಸ್ಥಾಪನೆಯಾದ ಹ್ಯೂಮನ್ ಫ್ಯಾಕ್ಟರ್ಸ್ ಸೊಸೈಟಿಗೆ ಅವರು ಅಧ್ಯಕ್ಷರೂ ಆಗಿದ್ದರು. ಐವತ್ತಮೂರನೆಯ ಹುಟ್ಟುಹಬ್ಬಕ್ಕೆ ನಾಲ್ಕು ದಿನ ಮುಂಚೆ ನಿಧನರಾದರು. ಮೈಕೆಲ್ ಪೋಸ್ನರ್ ಜೊತೆಗೂಡಿ ಬರೆದ ಹ್ಯೂಮನ್ ಪರ್ಫಾರ್ಮೆನ್ಸ್ ಎಂಬ ಗ್ರಂಥ ೧೯೬೭ರಲ್ಲಿ ಹೊರಬಂದಿತು.