ನೀಲಿ ಮಕ್ಕಳಿಗೆ ಉಸಿರು ಕೊಟ್ಟ ಬಡಗಿ

ಪ್ರಯೋಗಾಲಯದ ಕೆಲಸಕ್ಕೆ ಸೇರಿದಾಗ ವಿವಿಯನ್ ಥಾಮಸ್ ಅವರಿಗೆ 19 ವರ್ಷ. ನನಗಿಂತ ಒಂದು ವರ್ಷ ಚಿಕ್ಕವರು. 1910ರಲ್ಲಿ ಅಮೆರಿಕದ ಲೂಸಿಯಾನಾದಲ್ಲಿ ಹುಟ್ಟಿ ನ್ಯಾಶ್‌ವಿಲ್‌ನಲ್ಲಿ ಬೆಳೆದ ಕಪ್ಪು ಜನಾಂಗದ ಹುಡುಗ. ಅಪ್ಪ ಬಡಗಿ, ಮಗನಿಗೂ ಆ ಕೆಲಸ ಕೈಗೆ ಹತ್ತಿತ್ತು. ದುಡಿದು ಕೂಡಿಟ್ಟ ಹಣದಲ್ಲಿ ಡಾಕ್ಟರ್ ಓದುವ ಆಸೆ. 1929ರ ಷೇರುಪೇಟೆ ಕುಸಿತ ಅದಕ್ಕೆ ಅಡ್ಡ ಬಂತು. 1930ರ ಫೆಬ್ರುವರಿಯಲ್ಲಿ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದ ಡಾ. ಆಲ್ಫ್ರೆಡ್ ಬ್ಲೇಲಾಕ್ ಅವರ ಬಳಿ ಸಹಾಯಕರಾದರು. ಸ್ವಲ್ಪ ದಿನ ದುಡಿದು ಕಾಲೇಜಿಗೆ ಹೋದರಾಯಿತು ಅಂದುಕೊಂಡರೆ, ಅದೇ ವರ್ಷ ಬ್ಯಾಂಕೇ ಮುಳುಗಿ ಉಳಿತಾಯವೂ ಹೋಯಿತು.

ಮಾಡುತ್ತಿದ್ದದ್ದು ಸಂಶೋಧನೆ, ಸಂಬಳದ ಪಟ್ಟಿಯಲ್ಲಿ ಮಾತ್ರ ಜಾಡಮಾಲಿ.

ಆಗ ಅವರಿಬ್ಬರ ಮುಂದಿದ್ದ ಪ್ರಶ್ನೆ ಶಾಕ್. ಕರೆಂಟಿನ ಶಾಕ್ ಅಲ್ಲ. ದೇಹದ ಅಂಗಗಳಿಗೆ ಸಾಕಷ್ಟು ರಕ್ತ ತಲುಪದ ಸ್ಥಿತಿ. ಗಾಯದಿಂದ ಹೊರಡುವ ಯಾವುದೋ ವಿಷವೇ ಇದಕ್ಕೆ ಕಾರಣವೆಂದು ಹಲವರು ನಂಬಿದ್ದರು. ರಕ್ತನಾಳದಿಂದ ರಕ್ತ, ದ್ರವ ಸೋರಿಹೋಗುವುದೇ ಕಾರಣವೆಂದು ಇವರ ಪ್ರಯೋಗಗಳು ತೋರಿಸಿದವು. ಕಳೆದುಹೋದದ್ದನ್ನು ಬೇಗ ತುಂಬಬೇಕು ಎಂಬ ಈ ತಿಳಿವಳಿಕೆ ಎರಡನೇ ಮಹಾಯುದ್ಧದಲ್ಲಿ ಅದೆಷ್ಟೋ ಸೈನಿಕರನ್ನು ಉಳಿಸಿತು. ಇಂದು ವಾಂತಿಭೇದಿಯಿಂದ ಬಳಲಿದ ಮಗುವಿಗೆ ಡ್ರಿಪ್ ಹಾಕುವುದರ ಹಿಂದೆಯೂ ಇದೇ ತರ್ಕವಿದೆ. ಮಕ್ಕಳ ವಿಷಯದಲ್ಲಿ ಒಂದು ಮೋಸವುಂಟು: ರಕ್ತದೊತ್ತಡ ಕೊನೆಯವರೆಗೂ ಸರಿಯಾಗಿಯೇ ಕಂಡು, ಆಮೇಲೆ ದಿಢೀರನೆ ಬೀಳುತ್ತದೆ. ಅದಕ್ಕೂ ಮೊದಲೇ ನಾಡಿ ಓಡುತ್ತಿರುತ್ತದೆ, ಕೈಕಾಲು ತಣ್ಣಗಾಗಿರುತ್ತವೆ, ಉಗುರು ಒತ್ತಿ ಬಿಟ್ಟರೆ ಬಣ್ಣ ಮರಳಲು 2 ಸೆಕೆಂಡಿಗಿಂತ ಹೆಚ್ಚು ಹಿಡಿಯುತ್ತದೆ. ಆಗಲೇ ಆಸ್ಪತ್ರೆಗೆ ಓಡಬೇಕು.

1941ರಲ್ಲಿ ಇಬ್ಬರೂ ಬಾಲ್ಟಿಮೋರ್‌ನ ಜಾನ್ಸ್ ಹಾಪ್ಕಿನ್ಸ್‌ಗೆ ಬಂದರು. ಅಲ್ಲಿನ ಮಕ್ಕಳ ಹೃದಯತಜ್ಞೆ ಹೆಲೆನ್ ಟಾಸಿಗ್ ಅವರ ಬಳಿ ತುಟಿ, ಉಗುರು ನೀಲಿಗಟ್ಟಿದ ಮಕ್ಕಳು ಬರುತ್ತಿದ್ದರು. ನಾಲ್ಕು ಹೆಜ್ಜೆ ಆಡಿ ಕುಕ್ಕರಗಾಲಲ್ಲಿ ಕೂತುಬಿಡುವ ಮಕ್ಕಳು. ಹಾಗೆ ಕೂತರೆ ಶ್ವಾಸಕೋಶಕ್ಕೆ ಹೋಗುವ ರಕ್ತ ತುಸು ಹೆಚ್ಚುತ್ತದೆಂದು ಅವುಗಳ ದೇಹಕ್ಕೇ ಗೊತ್ತಿತ್ತು. ಇಂಥ ಮಗು ಏಕಾಏಕಿ ಕಡುನೀಲಿಯಾದರೆ ಮಂಡಿಗಳನ್ನು ಎದೆಗೆ ಮಡಚಿ ಹಿಡಿಯುವುದು ಇಂದಿಗೂ ಮೊದಲ ಉಪಚಾರ. ಹೃದಯದಿಂದ ಶ್ವಾಸಕೋಶಕ್ಕೆ ಹೋಗುವ ದಾರಿ ಹುಟ್ಟಿನಿಂದಲೇ ಕಿರಿದಾಗಿರುತ್ತದೆ. ಅದಕ್ಕೊಂದು ಬೈಪಾಸ್ ಕೊಡಬಹುದೇ ಎಂಬುದು ಟಾಸಿಗ್ ಅವರ ಪ್ರಶ್ನೆ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಪ್ಯಾರಲಲ್ ಕನೆಕ್ಷನ್.

ಉತ್ತರ ಹುಡುಕಿದ್ದು ಥಾಮಸ್. ಸುಮಾರು 200 ನಾಯಿಗಳ ಮೇಲೆ ಪ್ರಯೋಗ ನಡೆಯಿತು (ಓದುವಾಗ ಸಂಕಟವಾಗುತ್ತದೆ, ನಿಜ). ತೋಳಿಗೆ ಹೋಗುವ ರಕ್ತನಾಳವನ್ನು ಶ್ವಾಸಕೋಶದ ರಕ್ತನಾಳಕ್ಕೆ ಹೊಲಿಯುವ ವಿಧಾನ ಕೈಗೆ ಕೂತಿತು. ಎಳೆಮಕ್ಕಳಿಗೆ ಹೊಂದುವ ಸಲಕರಣೆಗಳೇ ಇರಲಿಲ್ಲ. ಇದ್ದ ಸೂಜಿಗಳನ್ನು ಕತ್ತರಿಸಿ, ಮತ್ತೆ ಮೊನೆ ಮಾಡಿ ಕೊಟ್ಟವರೂ ಅವರೇ.

1944ರ ನವೆಂಬರ್ 29ರಂದು 15 ತಿಂಗಳ ಐಲೀನ್ ಸ್ಯಾಕ್ಸನ್ ಮೇಜಿನ ಮೇಲಿದ್ದಳು. ತೂಕ 4 ಕೆ.ಜಿ. ಆಸುಪಾಸು. ಕತ್ತರಿ ಹಿಡಿದವರು ಬ್ಲೇಲಾಕ್. ಆದರೆ ಈ ಹೊಲಿಗೆಯನ್ನು ಮತ್ತೆ ಮತ್ತೆ ಹಾಕಿ ಪಳಗಿದ್ದವರು ಥಾಮಸ್. ಬ್ಲೇಲಾಕ್ ಹೆಗಲ ಹಿಂದೆ ಸ್ಟೂಲಿನ ಮೇಲೆ ನಿಂತು ಅವರು ಹೇಳಿಕೊಡುತ್ತಲೇ ಇದ್ದರು. ಐಲೀನ್ ಆ ದಿನ ಬದುಕಿದಳು. ಕೆಲವು ತಿಂಗಳ ನಂತರ ತೀರಿಕೊಂಡಳು. ಮೂರನೆಯ ರೋಗಿ ಆರು ವರ್ಷದ ಹುಡುಗ. ಅವನ ತುಟಿ ಮೇಜಿನ ಮೇಲೇ ಗುಲಾಬಿ ಬಣ್ಣಕ್ಕೆ ತಿರುಗಿತು. ಅಲ್ಲಿಂದ ಮುಂದೆ ದೂರದೂರಿನಿಂದ ಮಕ್ಕಳನ್ನು ಹೊತ್ತು ಜನ ಬರತೊಡಗಿದರು.

1945ರಲ್ಲಿ ಪ್ರಕಟವಾದ ಪ್ರಬಂಧದಲ್ಲಿ ಥಾಮಸ್ ಹೆಸರೇ ಇಲ್ಲ. ಸಂಬಳ ಸಾಲದೆ ಅವರು ಬ್ಲೇಲಾಕ್ ಮನೆಯ ಪಾರ್ಟಿಗಳಲ್ಲಿ ಪಾನೀಯ ಹಂಚುತ್ತಿದ್ದರು, ಕೆಲವೊಮ್ಮೆ ಹಗಲಿನಲ್ಲಿ ತಾವೇ ಪಾಠ ಹೇಳಿದ ಸರ್ಜನ್‌ಗಳಿಗೇ. ಬ್ಲೇಲಾಕ್ ದೊಡ್ಡ ಮನುಷ್ಯರೇ ಇರಬಹುದು, ಈ ಒಂದು ವಿಷಯದಲ್ಲಿ ನನಗೆ ಅವರ ಮೇಲೆ ಸಿಟ್ಟಿದೆ.

1976ರಲ್ಲಿ ಜಾನ್ಸ್ ಹಾಪ್ಕಿನ್ಸ್ ಥಾಮಸ್ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟಿತು, ಅದೂ ವೈದ್ಯಕೀಯದಲ್ಲಲ್ಲ, ಕಾನೂನಿನಲ್ಲಿ! 1985ರ ನವೆಂಬರ್‌ನಲ್ಲಿ ಅವರು ತೀರಿಕೊಂಡರು. ಆ ಶಸ್ತ್ರಚಿಕಿತ್ಸೆಯನ್ನು ಈಗ ಬ್ಲೇಲಾಕ್-ಥಾಮಸ್-ಟಾಸಿಗ್ ಶಂಟ್ ಎನ್ನುತ್ತಾರೆ. ಹಳೆಯ ಪಠ್ಯಗಳಲ್ಲಿ ನಡುವಿನ ಹೆಸರು ಇರುವುದಿಲ್ಲ.